ಮುಳುಗಿದ ಊರಿನ ನೆನಪು

ದಾಂಡೇಲಿಯಿಂದ ಜೋಯಿಡಾದ ಕಡೆಗೆ ಕಾಡಿನ ದಾರಿ ಹಿಡಿದು ಹೊರಟವರಿಗೆ ಗಣೇಶಗುಡಿಯ ಬಳಿ ಕಾಳೀ ನದಿಗೆ ಅಡ್ಡಲಾಗಿ ಕಟ್ಟಿದ ಸೂಪಾ ಅಣೆಕಟ್ಟು ಎದುರಾಗುತ್ತದೆ. 101 ಮೀಟರು ಎತ್ತರದ ಈ ಕಟ್ಟೆ 1987ರಲ್ಲಿ ಪೂರ್ಣಗೊಂಡಿತು. ಅದರ ಹಿಂದೆ ನಿಂತ ವಿಶಾಲವಾದ ಜಲರಾಶಿಯ ಬಲದಿಂದ ನಾಡಿಗೆ ವಿದ್ಯುತ್ತು ದೊರೆಯುತ್ತಿದೆ. ಆದರೆ ಆ ನೀರಿನ ಕೆಳಗೆ ಒಂದು ಊರೂ ಇದೆ. ಒಂದು ಕಾಲಕ್ಕೆ ತಾಲೂಕಿನ ಮುಖ್ಯಸ್ಥಾನವಾಗಿದ್ದ ಸೂಪಾ ಅದು. ಊರು ಮುಳುಗುವುದಕ್ಕೆ ಮೊದಲು ಅಲ್ಲಿಯ ಜನರಲ್ಲಿ ಬಹುಮಂದಿ ರಾಮನಗರಕ್ಕೆ ಬಂದು ನೆಲೆಸಿದರು. ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದುವು. ನೀರು ಬಹಳ ಇಳಿದ ಬೇಸಗೆಗಳಲ್ಲಿ ಹಳೆಯ ಊರಿನ ಅವಶೇಷಗಳು ತಲೆಯೆತ್ತುವುದುಂಟು. ಉಳಿದ ಕಾಲದಲ್ಲಿ ಆ ಊರು ಇರುವುದು ಜನರ ನೆನಪಿನಲ್ಲಿ ಮಾತ್ರ.

ಆ ನೆನಪು ಎಂಥದು? ರಾಮನಗರದ ಒಂದು ಮನೆಯ ಜಗಲಿಯಲ್ಲಿ ಕುಳಿತು ನಾವು ಕೇಳಿದ ಮಾತುಕತೆಯನ್ನು ಮೊದಲು ವಾಚಕರ ಮುಂದಿಡುತ್ತೇವೆ. ಅರುವತ್ತರ ಅಂಚಿನಲ್ಲಿರುವ ಅಕ್ಕ, ಅವರಿಗಿಂತ ಐದು ವರ್ಷ ಕಿರಿಯನಾದ ತಮ್ಮ. ಸೂಪಾ ಬಿಟ್ಟುಬಂದ ದಿನದ ವಿಷಯ ಬಂತು.

“ಆ ದಿನ ಜಿಟಿಜಿಟಿ ಮಳೆ. ತುಳಸಿ ಗಿಡವನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಲಾರಿಯಲ್ಲಿ ಕೂತಿದ್ದೆ” ಎಂದರು ಅಕ್ಕ.

“ಮಳೆ ಎಲ್ಲಿತ್ತು ಅಕ್ಕಾ? ಅಂಗಾಲು ಸುಡುವಂಥ ಬಿಸಿಲು. ಲಾರಿ ನಿಂತಲ್ಲಿಗೆ ನಾನು ಓಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ” ಎಂದರು ತಮ್ಮ.

“ನೀನು ಆಗ ಚಿಕ್ಕವನು. ನಿನಗೇನು ಗೊತ್ತು?”

ವಾದ ಹೀಗೆಯೇ ಸ್ವಲ್ಪ ಹೊತ್ತು ನಡೆಯಿತು. ಇಬ್ಬರಿಗೂ ತಮ್ಮ ನೆನಪಿನಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ. ಒಂದು ಸಂಗತಿಯಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ಹೊರಡುವ ಬೆಳಗ್ಗೆ ಅವರ ತಾಯಿ ಮನೆಯ ನೆಲವನ್ನೆಲ್ಲ ಗುಡಿಸಿ ಸೆಗಣಿಯಿಂದ ಸಾರಿಸಿದರಂತೆ. ನಾಳೆ ನೀರು ಬಂದು ತುಂಬುವ ಮನೆ! ಇದನ್ನು ಹೇಳುವಾಗ ಇಬ್ಬರ ದನಿಯೂ ತಗ್ಗಿತು.

ಇವರಲ್ಲಿ ಸುಳ್ಳು ಹೇಳಿದವರು ಯಾರು? ಯಾರೂ ಅಲ್ಲ. ಹಾಗಿದ್ದರೆ ಒಂದೇ ದಿನ ಎರಡು ನೆನಪುಗಳಲ್ಲಿ ಎರಡು ಬಗೆಯಾದುದು ಹೇಗೆ? ಸಾರಿಸಿದ ನೆಲವೊಂದು ಎರಡರಲ್ಲಿಯೂ ಅಳಿಯದೆ ಉಳಿದುದು ಏಕೆ? ನಾವು ಭೌತಶಾಸ್ತ್ರವನ್ನು ಕಲಿಸುವವರು. ಮನಶ್ಶಾಸ್ತ್ರ ನಮ್ಮ ನೇರವಾದ ಕ್ಷೇತ್ರವಲ್ಲ. ಆದರೂ ಅಳತೆ, ದೋಷ, ಸಾಕ್ಷ್ಯ ಎಂಬ ಮಾತುಗಳು ನಮಗೆ ದಿನನಿತ್ಯದವು. ನೆನಪೂ ಒಂದು ಬಗೆಯ ಸಾಕ್ಷ್ಯವೇ. ಅದರ ಗುಣದೋಷಗಳನ್ನು ವಿಜ್ಞಾನ ಹೇಗೆ ಪರೀಕ್ಷಿಸಿದೆ ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಭಾವವಿಲ್ಲದ ನೆನಪು

ನೆನಪನ್ನು ಮೊತ್ತಮೊದಲು ಪ್ರಯೋಗಶಾಲೆಯ ವಸ್ತುವನ್ನಾಗಿ ಮಾಡಿದವನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಅವನು ಅರ್ಥವಿಲ್ಲದ ಅಕ್ಷರಗಳ ಗುಂಪುಗಳನ್ನು ಕಂಠಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂಬುದನ್ನು ತನ್ನ ಮೇಲೆಯೇ ಅಳೆದು 1885ರಲ್ಲಿ ಪ್ರಕಟಿಸಿದನು. ಮರೆವು ಮೊದಲು ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ಸಾಗುತ್ತದೆ ಎಂಬುದು ಅವನು ಕಂಡ ನಿಯಮ. ಅವನು ಅರ್ಥವಿಲ್ಲದ ಅಕ್ಷರಗಳನ್ನೇ ಆರಿಸಿಕೊಂಡುದಕ್ಕೆ ಕಾರಣವಿತ್ತು. ಅರ್ಥವಿದ್ದರೆ ಅದರ ಹಿಂದೆಯೇ ಹಳೆಯ ಅನುಭವ, ಇಷ್ಟಾನಿಷ್ಟ, ಸುಖದುಃಖಗಳು ಬಂದು ಅಳತೆಯನ್ನು ಕೆಡಿಸುತ್ತವೆ. ಘರ್ಷಣೆಯಿಲ್ಲದ ಮೇಲ್ಮೈಯನ್ನು ಊಹಿಸಿಕೊಂಡು ನಾವು ಚಲನೆಯ ನಿಯಮಗಳನ್ನು ಕಲಿಯುವುದಿಲ್ಲವೆ? ಅಂಥದೇ ಉಪಾಯ ಇದು.

ಆದರೆ ಘರ್ಷಣೆಯಿಲ್ಲದ ಲೋಕದಲ್ಲಿ ಯಾರೂ ನಡೆಯಲಾರರು. ಭಾವವಿಲ್ಲದ ಲೋಕದಲ್ಲಿ ಯಾರೂ ಬದುಕಲಾರರು. ನಮ್ಮ ಪ್ರಾಚೀನರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಭರತನ ನಾಟ್ಯಶಾಸ್ತ್ರದಲ್ಲಿ ಎಣಿಸಿರುವ ಮೂವತ್ತಮೂರು ಸಂಚಾರೀ ಭಾವಗಳಲ್ಲಿ ಸ್ಮೃತಿಯೂ ಒಂದು. ನೆನಪನ್ನು ಅವರು ಭಾವಗಳ ಸಾಲಿನಲ್ಲಿಯೇ ಇರಿಸಿದರು. ಅದು ರಸಿಕರ ಅನುಭವದ ಮಾತು. ಅದಕ್ಕೆ ಶರೀರದಲ್ಲಿ ಆಧಾರವೇನು ಎಂಬ ಪ್ರಶ್ನೆಗೆ ಉತ್ತರ ದೊರೆತುದು ಇತ್ತೀಚೆಗೆ.

ಮಿದುಳಿನಲ್ಲಿ ನಡೆಯುವುದೇನು?

ಅನುಭವವೊಂದು ಮನಸ್ಸಿನಲ್ಲಿ ಮೂಡಿದೊಡನೆ ಅದು ಸ್ಥಿರವಾದ ನೆನಪಾಗಿಬಿಡುವುದಿಲ್ಲ. ಹಳೆಯ ಕಾಲದ ಛಾಯಾಚಿತ್ರಗಾರರು ಕತ್ತಲ ಕೋಣೆಯಲ್ಲಿ ಚಿತ್ರವನ್ನು ಮೂಡಿಸಿದ ಬಳಿಕ ಅದು ಅಳಿಯದಂತೆ ಮತ್ತೊಂದು ದ್ರಾವಣದಲ್ಲಿ ಅದ್ದುತ್ತಿದ್ದರು. ನೆನಪಿಗೂ ಹಾಗೆ ನೆಲೆಗೊಳ್ಳುವ ಒಂದು ಅವಧಿ ಬೇಕು. ನರಕೋಶಗಳ ನಡುವಣ ಸಂಧಿಗಳು ಈ ಅವಧಿಯಲ್ಲಿ ಬಲಗೊಳ್ಳುತ್ತವೆ. ಕಡಲಕುದುರೆಯ ಆಕಾರವುಳ್ಳದ್ದೆಂದು ಹಿಪೊಕ್ಯಾಂಪಸ್ ಎಂಬ ಹೆಸರು ಪಡೆದ ಮಿದುಳಿನ ಭಾಗ ಈ ಕಾರ್ಯದಲ್ಲಿ ಮುಖ್ಯವಾದುದು. ಎಲ್ಲಿ, ಯಾವಾಗ, ಯಾರೊಡನೆ ಎಂಬ ಸಂದರ್ಭವನ್ನು ಹೆಣೆಯುವುದು ಇದರ ಕೆಲಸ. ಅದರ ತುದಿಗೆ ತಾಗಿದಂತೆ ಬಾದಾಮಿ ಬೀಜದಷ್ಟು ಗಾತ್ರದ ಇನ್ನೊಂದು ಭಾಗವಿದೆ. ಅದಕ್ಕೆ ಅಮಿಗ್ಡಲ ಎಂದು ಹೆಸರು. ಭಯ, ಸಂತೋಷ, ದುಃಖಗಳು ಉಕ್ಕಿದಾಗ ಅದು ಚುರುಕಾಗುತ್ತದೆ.

ಉದ್ವೇಗದ ಕ್ಷಣದಲ್ಲಿ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಸುರಿಯುತ್ತವೆ. ಎದೆ ಡವಗುಟ್ಟುವುದರಲ್ಲಿ ಇದರ ಪಾತ್ರವಿದೆ. ಅಡ್ರಿನಲಿನ್ ತಾನೇ ಮಿದುಳಿನೊಳಕ್ಕೆ ಸುಲಭವಾಗಿ ಹೋಗಲಾರದು. ಆದರೆ ಎದೆ ಹೊಟ್ಟೆಗಳಿಂದ ತಲೆಗೆ ಹೋಗುವ ವೇಗಸ್ ನರವು ಆ ಸುದ್ದಿಯನ್ನು ಮೇಲಕ್ಕೆ ಮುಟ್ಟಿಸುತ್ತದೆ. ಆಗ ಅಮಿಗ್ಡಲದಲ್ಲಿ ಅಡ್ರಿನಲಿನ್ನಿನ ಸೋದರವೆನ್ನಬಹುದಾದ ನಾರಡ್ರಿನಲಿನ್ ಬಿಡುಗಡೆಯಾಗುತ್ತದೆ. ಅಮಿಗ್ಡಲವು ನೆರೆಯ ಹಿಪೊಕ್ಯಾಂಪಸ್ಸಿಗೆ ‘ಇದು ಮುಖ್ಯವಾದುದು, ಭದ್ರವಾಗಿರಿಸು’ ಎಂದು ಸೂಚನೆ ಕೊಡುತ್ತದೆ ಎಂದು ಸ್ಥೂಲವಾಗಿ ಹೇಳಬಹುದು.

ಇದಕ್ಕೆ ಸಾಕ್ಷ್ಯವೇನು? 1994ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಲ್ಯಾರಿ ಕಾಹಿಲ್, ಜೇಮ್ಸ್ ಮೆಗಾ ಮತ್ತು ಅವರ ಸಂಗಡಿಗರು ಒಂದು ಸರಳವಾದ ಪ್ರಯೋಗವನ್ನು ಪ್ರಕಟಿಸಿದರು. ಕೆಲವು ಚಿತ್ರಗಳನ್ನು ತೋರಿಸುತ್ತ ಒಂದು ಕಥೆಯನ್ನು ಹೇಳುವುದು. ತಾಯಿಯೊಡನೆ ಮಗ ತಂದೆಯನ್ನು ನೋಡಲು ಆಸ್ಪತ್ರೆಗೆ ಹೊರಟಿದ್ದಾನೆ. ತಂದೆ ಅಲ್ಲಿಯ ನೌಕರ. ಒಂದು ಗುಂಪಿಗೆ ಹೇಳಿದ ಕಥೆಯಲ್ಲಿ ವಿಶೇಷವೇನೂ ನಡೆಯುವುದಿಲ್ಲ. ಇನ್ನೊಂದು ಗುಂಪಿಗೆ ಹೇಳಿದ ಕಥೆಯಲ್ಲಿ ದಾರಿಯಲ್ಲಿಯೇ ಹುಡುಗನಿಗೆ ಭೀಕರವಾದ ಅಪಘಾತವಾಗುತ್ತದೆ. ಚಿತ್ರಗಳು ಎರಡಕ್ಕೂ ಒಂದೇ. ವಾರ ಕಳೆದು ಪರೀಕ್ಷಿಸಿದಾಗ ಅಪಘಾತದ ಭಾಗ ಕೇಳುಗರಿಗೆ ಹೆಚ್ಚು ಚೆನ್ನಾಗಿ ನೆನಪಿತ್ತು. ಇದರಲ್ಲಿ ಆಶ್ಚರ್ಯವಿಲ್ಲ. ಆದರೆ ಕೆಲವರಿಗೆ ಕಥೆಗೆ ಮೊದಲೇ ಪ್ರೊಪ್ರನಲಾಲ್ ಎಂಬ ಔಷಧವನ್ನು ಕೊಟ್ಟಿದ್ದರು. ಅಡ್ರಿನಲಿನ್, ನಾರಡ್ರಿನಲಿನ್‌ಗಳ ಪ್ರಭಾವವನ್ನು ತಡೆಯುವ ಔಷಧ ಅದು. ಅದನ್ನು ಸೇವಿಸಿದವರಿಗೆ ಸಾಮಾನ್ಯ ಕಥೆ ಎಂದಿನಂತೆಯೇ ನೆನಪಿತ್ತು. ಅಪಘಾತದ ಭಾಗಕ್ಕೆ ದೊರೆಯಬೇಕಾಗಿದ್ದ ಹೆಚ್ಚುಗಾರಿಕೆ ಮಾತ್ರ ಕಾಣಲಿಲ್ಲ. ಭಾವವು ನೆನಪಿಗೆ ಒದಗಿಸುವ ಬಲಕ್ಕೆ ಶರೀರದ ಈ ರಸಗಳೇ ವಾಹಕವೆಂದು ಇದರಿಂದ ಸ್ಪಷ್ಟವಾಯಿತು.

ನಮ್ಮ ಬೆಂಗಳೂರಿನಲ್ಲಿಯೂ ಈ ವಿಷಯದಲ್ಲಿ ಮಹತ್ತ್ವದ ಸಂಶೋಧನೆ ನಡೆದಿದೆ. ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಸುಮಂತ್ರ ಚಟರ್ಜಿ ಮತ್ತು ಅವರ ಸಹಕಾರಿಗಳು, ನಿಮ್ಹಾನ್ಸ್ ಸಂಸ್ಥೆಯ ವಿಜ್ಞಾನಿಗಳೊಡನೆ ಸೇರಿ, ಇಲಿಗಳನ್ನು ಹತ್ತು ದಿನ ದಿನಕ್ಕೆ ಎರಡು ಗಂಟೆ ಅಲುಗಾಡದಂತೆ ಬಂಧಿಸಿಟ್ಟು ಅವುಗಳ ಮಿದುಳನ್ನು ಪರೀಕ್ಷಿಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶ ಸೋಜಿಗದ್ದು. ಹಿಪೊಕ್ಯಾಂಪಸ್ಸಿನ ನರಕೋಶಗಳ ಕವಲುಗಳು ಕುಗ್ಗಿದ್ದುವು. ಅಮಿಗ್ಡಲದ ನರಕೋಶಗಳ ಕವಲುಗಳು ಬೆಳೆದಿದ್ದುವು. ಆಮೇಲಿನ ಪರೀಕ್ಷೆಯಲ್ಲಿ ಮೂರು ವಾರ ನೆಮ್ಮದಿಯಾಗಿ ಬಿಟ್ಟ ಬಳಿಕ ನೋಡಿದರೆ ಹಿಪೊಕ್ಯಾಂಪಸ್ಸು ಚೇತರಿಸಿಕೊಂಡಿತ್ತು. ಅಮಿಗ್ಡಲದ ಬೆಳೆವಣಿಗೆ ಮಾತ್ರ ಹಾಗೆಯೇ ಉಳಿದಿತ್ತು. ಇಲಿಯ ವಿಷಯವನ್ನು ನೇರವಾಗಿ ಮನುಷ್ಯನಿಗೆ ಅನ್ವಯಿಸುವುದು ತರವಲ್ಲ. ಆದರೆ ದೀರ್ಘವಾದ ಕಷ್ಟದಲ್ಲಿ, ಸಂದರ್ಭವನ್ನು ಹೆಣೆಯುವ ಭಾಗ ಬಳಲುತ್ತಿರುವಾಗಲೇ ಭಾವವನ್ನು ಕಾಯುವ ಭಾಗ ಬಲಿಯಬಹುದೆಂಬ ಸೂಚನೆ ಇದರಲ್ಲಿದೆ. ನೋವು ಉಳಿದು, ಅದರ ದಿನ ವಾರಗಳು ಮಸುಕಾಗುವ ನಮ್ಮ ಅನುಭವಕ್ಕೆ ಇದು ಒಂದು ಸುಳಿವನ್ನು ಕೊಡುತ್ತದೆ.

ನಟ್ಟ ನಡುವಣ ಬೆಳಕು

ಭಾವವು ಎಲ್ಲವನ್ನೂ ಸಮನಾಗಿ ಬಲಪಡಿಸುವುದಿಲ್ಲ ಎಂಬುದು ಎರಡನೆಯ ಮುಖ್ಯ ಸಂಗತಿ. ರಾತ್ರಿ ಕಾಡುದಾರಿಯಲ್ಲಿ ಬ್ಯಾಟರಿ ಹಿಡಿದು ನಡೆಯುವಾಗ ಬೆಳಕು ಬಿದ್ದ ಕಲ್ಲು ಸ್ಪಷ್ಟವಾಗಿ ಕಾಣುತ್ತದೆ, ಸುತ್ತಲಿನ ಮರಗಳು ಕತ್ತಲಲ್ಲಿ ಕರಗುತ್ತವೆ. ಉದ್ವೇಗ ಹೆಚ್ಚಿದಷ್ಟೂ ಗಮನದ ವೃತ್ತ ಕಿರಿದಾಗುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು 1959ರಷ್ಟು ಹಿಂದೆಯೇ ನಿರೂಪಿಸಿದ್ದರು. ಆಯುಧ ಹಿಡಿದ ಕಳ್ಳನನ್ನು ಕಂಡವರಿಗೆ ಆಯುಧ ಚೆನ್ನಾಗಿ ನೆನಪಿರುತ್ತದೆ. ಅವನ ಮುಖ ಅಷ್ಟಾಗಿ ನೆನಪಿರುವುದಿಲ್ಲ. ನಡುವಣ ಸಂಗತಿ ಭದ್ರ, ಅಂಚಿನ ವಿವರ ಅಭದ್ರ.

ರಾಮನಗರದ ಅಕ್ಕ ತಮ್ಮಂದಿರ ಮಾತನ್ನು ಈಗ ಮತ್ತೆ ನೋಡಿರಿ. ಮನೆಯನ್ನು ಬಿಡುವುದು, ತಾಯಿಯ ದುಃಖ, ಸಾರಿಸಿದ ನೆಲ—ಇವು ನಡುವಣ ಸಂಗತಿಗಳು. ಮಳೆ ಬಿಸಿಲುಗಳು ಅಂಚಿನವು. ಹತ್ತಾರು ವರ್ಷಗಳಲ್ಲಿ ಅಂಚು ಸವೆಯುತ್ತದೆ. ಸವೆದ ಜಾಗವನ್ನು ಮನಸ್ಸು ಖಾಲಿ ಬಿಡುವುದಿಲ್ಲ. ಬೇರೆ ದಿನದ ಮಳೆಯನ್ನೋ ಬೇರೆ ದಿನದ ಬಿಸಿಲನ್ನೋ ತಂದು ತುಂಬುತ್ತದೆ. ತುಂಬಿದುದು ಯಾವುದು, ಉಳಿದುದು ಯಾವುದು ಎಂಬ ಗುರುತು ನೆನಪಿಸಿಕೊಳ್ಳುವವರಿಗೆ ಇರುವುದಿಲ್ಲ.

ನಂಬಿಕೆಯ ಬಲವೇ ಬೇರೆ, ಸತ್ಯದ ಬಲವೇ ಬೇರೆ

‘ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ’ ಎಂಬ ಮಾತಿಗೆ ಎಷ್ಟು ಬೆಲೆ ಕೊಡಬೇಕು? ಅಮೆರಿಕದ ಅಧ್ಯಕ್ಷನಾಗಿದ್ದ ಲಿಂಕನ್ 1865ರಲ್ಲಿ ಹತನಾದನು. ಮೂವತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ಕೋಲ್‌ಗ್ರೋವ್ ಎಂಬ ವಿದ್ವಾಂಸನು 179 ಮಂದಿಯನ್ನು ವಿಚಾರಿಸಿದಾಗ ಅವರಲ್ಲಿ 127 ಮಂದಿ ಆ ಸುದ್ದಿ ಕೇಳಿದಾಗ ತಾವು ಎಲ್ಲಿದ್ದೆವು, ಏನು ಮಾಡುತ್ತಿದ್ದೆವು ಎಂಬುದನ್ನು ವಿವರವಾಗಿ ಹೇಳಿದರು. 1899ರಲ್ಲಿ ಅವನು ಇದನ್ನು ಪ್ರಕಟಿಸಿದನು. ಅಧ್ಯಕ್ಷ ಕೆನೆಡಿಯ ಕೊಲೆಯ ಸುದ್ದಿಯ ಬಗ್ಗೆ ಇಂಥ ನೆನಪುಗಳನ್ನು ಸಂಗ್ರಹಿಸಿದ ಬ್ರೌನ್ ಮತ್ತು ಕುಲಿಕ್ 1977ರಲ್ಲಿ ಇವಕ್ಕೆ ಛಾಯಾಚಿತ್ರಗಾರರ ಮಿಂಚುದೀಪದ ಹೆಸರನ್ನಿಟ್ಟರು. ಮಿಂಚಿನ ಬೆಳಕಿನಲ್ಲಿ ತೆಗೆದ ಚಿತ್ರದಂತೆ ಇವು ಸ್ಪಷ್ಟ ಎಂಬುದು ಭಾವನೆ.

ಆದರೆ ಈ ಎರಡು ಪ್ರಯತ್ನಗಳಲ್ಲಿಯೂ ಒಂದು ಕೊರತೆ ಇತ್ತು. ಜನರು ಹೇಳಿದುದು ನಿಜವೇ ಎಂದು ತಾಳೆ ನೋಡಲು ಸಾಧನವಿರಲಿಲ್ಲ. ಆ ಕೊರತೆಯನ್ನು ತುಂಬಿದವನು ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಉಲ್ರಿಕ್ ನೈಸರ್. 1986ರ ಜನವರಿ 28ರಂದು ಚಾಲೆಂಜರ್ ಎಂಬ ಗಗನನೌಕೆ ಆಕಾಶದಲ್ಲಿಯೇ ನಾಶವಾಗಿ ಅದರಲ್ಲಿದ್ದ ಏಳು ಮಂದಿಯೂ ಮಡಿದರು. ಮರುದಿನ ಬೆಳಗ್ಗೆಯೇ ನೈಸರ್ ತರಗತಿಯ ವಿದ್ಯಾರ್ಥಿಗಳಿಂದ, ಸುದ್ದಿ ತಮಗೆ ತಿಳಿದ ಬಗೆಯನ್ನು ಬರೆಯಿಸಿಟ್ಟುಕೊಂಡನು. ಎರಡೂವರೆ ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಅವರಲ್ಲಿ 44 ಮಂದಿಯನ್ನು ಅದೇ ಪ್ರಶ್ನೆಗಳನ್ನು ಕೇಳಲಾಯಿತು. ನಾಲ್ವರಲ್ಲಿ ಒಬ್ಬರಂತೆ ಮುಖ್ಯ ವಿವರಗಳೆಲ್ಲವೂ ಮೊದಲಿನ ಬರೆಹಕ್ಕೆ ವಿರುದ್ಧವಾಗಿದ್ದುವು. ಎಲ್ಲವನ್ನೂ ಸರಿಯಾಗಿ ಹೇಳಿದವರು ಮೂವರೇ. ತರಗತಿಯಲ್ಲಿ ಸಂಗಾತಿಗಳ ಬಾಯಿಂದ ಕೇಳಿದೆನೆಂದು ಮೊದಲು ಬರೆದಿದ್ದ ವಿದ್ಯಾರ್ಥಿನಿಯೊಬ್ಬಳು, ಈಗ ವಸತಿಗೃಹದಲ್ಲಿ ದೂರದರ್ಶನದ ಮುಂದೆ ಕುಳಿತು ನೋಡಿದೆನೆಂದು ನಿಸ್ಸಂದೇಹವಾಗಿ ಬರೆದಳು. ಅವರದೇ ಕೈಬರೆಹವನ್ನು ತೋರಿಸಿದಾಗಲೂ ಹಳೆಯ ನೆನಪು ಯಾರಿಗೂ ಮರಳಲಿಲ್ಲ.

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಗೋಪುರಗಳು ಉರುಳಿದ ಮರುದಿನ ಟಲಾರಿಕೊ ಮತ್ತು ರೂಬಿನ್ ಇಂಥದೇ ಪರೀಕ್ಷೆಗೆ ತೊಡಗಿದರು. ಆ ದುರಂತದ ನೆನಪಿನೊಡನೆ ಅದೇ ದಿನಗಳ ಒಂದು ಸಾಮಾನ್ಯ ಪ್ರಸಂಗದ ನೆನಪನ್ನೂ ಬರೆಯಿಸಿಕೊಂಡರು. ತಿಂಗಳುಗಳು ಕಳೆದಂತೆ ಎರಡರ ವಿವರಗಳೂ ಒಂದೇ ಸಮನಾಗಿ ಕೆಟ್ಟುವು. ವ್ಯತ್ಯಾಸವಿದ್ದುದು ನಂಬಿಕೆಯಲ್ಲಿ. ಸಾಮಾನ್ಯ ಪ್ರಸಂಗದ ಬಗ್ಗೆ ‘ಸರಿಯಾಗಿ ನೆನಪಿಲ್ಲ’ ಎಂದವರೇ ದುರಂತದ ಬಗ್ಗೆ ‘ಚೆನ್ನಾಗಿ ನೆನಪಿದೆ’ ಎಂದರು.

ಪ್ರಯೋಗಶಾಲೆಯಲ್ಲಿ ಸ್ಕ್ರೂಗೇಜು ಹಿಡಿದ ವಿದ್ಯಾರ್ಥಿಗಳಿಗೆ ಇದು ಹೊಸ ವಿಷಯವಲ್ಲ. ಉಪಕರಣದಲ್ಲಿ ಶೂನ್ಯದೋಷವಿದ್ದರೆ ಹತ್ತು ಸಲ ಅಳೆದರೂ ಹತ್ತೂ ಸಲ ಒಂದೇ ಸಂಖ್ಯೆ ಬರುತ್ತದೆ, ಹತ್ತೂ ಸಲ ತಪ್ಪಾಗಿರುತ್ತದೆ. ಒಬ್ಬರು ಒಂದು ಕಥೆಯನ್ನು ಬದಲಿಸದೆ ಹತ್ತು ವರ್ಷ ಹೇಳಿದರೆಂಬುದರಿಂದ ಅದು ನಡೆದುದು ಹಾಗೆಯೇ ಎಂದು ಸಿದ್ಧವಾಗುವುದಿಲ್ಲ.

ಹಾಗೆಂದು ಭಾವದ ನೆನಪೆಲ್ಲ ಹುಸಿಯೆಂದು ತೀರ್ಮಾನಿಸುವುದೂ ತಪ್ಪು. ಅದೇ ನೈಸರ್ 1989ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದಲ್ಲಿ ಆದ ಭೂಕಂಪದ ನೆನಪುಗಳನ್ನು ಪರೀಕ್ಷಿಸಿದನು. ಭೂಮಿ ನಡುಗಿದುದನ್ನು ತಾವೇ ಅನುಭವಿಸಿದವರ ನೆನಪು ಒಂದೂವರೆ ವರ್ಷದ ಮೇಲೆಯೂ ಹೆಚ್ಚುಕಡಿಮೆ ಪೂರ್ತಿಯಾಗಿ ಸರಿಯಿತ್ತು. ದೂರದ ಅಟ್ಲಾಂಟದಲ್ಲಿ ಸುದ್ದಿಯನ್ನು ಮಾತ್ರ ಕೇಳಿದವರ ನೆನಪು ಬಹಳ ಕೆಟ್ಟಿತ್ತು. ಸುದ್ದಿ ಕೇಳಿದ ನೆನಪಿಗೂ ಮೈಮೇಲೆ ಬಂದ ನೆನಪಿಗೂ ಅಂತರವುಂಟು. ಸೂಪಾ ಬಿಟ್ಟವರದು ಎರಡನೆಯ ಬಗೆಯದು.

ಹೇಳುವುದೂ ಬದಲಿಸುವುದೇ

ನೆನಪನ್ನು ಪೆಟ್ಟಿಗೆಯಲ್ಲಿಟ್ಟ ಕಾಗದವೆಂದು ನಾವು ಭಾವಿಸುತ್ತೇವೆ. ತೆಗೆದು ಓದಿ ಮರಳಿ ಇಟ್ಟರೆ ಕಾಗದ ಬದಲಾಗದು. ನೆನಪು ಹಾಗಲ್ಲ. 2000ದಲ್ಲಿ ನ್ಯೂಯಾರ್ಕಿನ ಜೋಸೆಫ್ ಲೆಡೂ ಅವರ ಪ್ರಯೋಗಶಾಲೆಯಲ್ಲಿ ಕರೀಮ್ ನಾಡರ್ ಮತ್ತು ಸಂಗಡಿಗರು ಇಲಿಗಳಿಗೆ ಒಂದು ಸ್ವರವನ್ನು ಕೇಳಿಸಿ ಒಡನೆಯೇ ವಿದ್ಯುತ್ತಿನ ಸಣ್ಣ ಪೆಟ್ಟು ಕೊಟ್ಟರು. ಇಲಿಗಳು ಸ್ವರಕ್ಕೆ ಹೆದರಲು ಕಲಿತುವು. ಆಮೇಲೆ ಸ್ವರವನ್ನು ಮಾತ್ರ ಕೇಳಿಸಿ, ಹಳೆಯ ಭಯ ಎಚ್ಚತ್ತ ಹೊತ್ತಿನಲ್ಲಿ, ಹೊಸ ಪ್ರೋಟೀನುಗಳು ತಯಾರಾಗದಂತೆ ತಡೆಯುವ ಔಷಧವನ್ನು ಅಮಿಗ್ಡಲಕ್ಕೆ ಸೇರಿಸಿದರು. ಆ ಇಲಿಗಳ ಭಯ ಬಹುಮಟ್ಟಿಗೆ ಮಾಯವಾಯಿತು. ನೆನಪನ್ನು ಎಚ್ಚರಿಸದೆ ಔಷಧ ಕೊಟ್ಟ ಇಲಿಗಳ ಭಯ ಹಾಗೆಯೇ ಉಳಿಯಿತು. ಅಂದಮೇಲೆ ನೆನಪಿಸಿಕೊಂಡಾಗ ನೆನಪು ಮೆತ್ತಗಾಗಿ, ಮತ್ತೊಮ್ಮೆ ನೆಲೆಗೊಳ್ಳಬೇಕಾಗುತ್ತದೆ. ಆ ಮೆತ್ತನೆಯ ಹೊತ್ತಿನಲ್ಲಿ ಅದಕ್ಕೆ ಹೊಸದು ಬೆರೆಯಲು ಅವಕಾಶವುಂಟು. ವೋಲ್ಟ್‌ಮೀಟರನ್ನು ಮಂಡಲಕ್ಕೆ ಜೋಡಿಸಿದೊಡನೆ ಅಳೆಯಬೇಕಾದ ವೋಲ್ಟೇಜೇ ಸ್ವಲ್ಪ ಬದಲಾಗುವುದನ್ನು ನಾವು ಕಂಡಿಲ್ಲವೆ?

ಭಾವವುಳ್ಳ ಅನುಭವವನ್ನು ಮನುಷ್ಯನು ಹೇಳಿಕೊಳ್ಳದೆ ಇರಲಾರ. ಬೆಲ್ಜಿಯಮ್ಮಿನ ಬರ್ನಾರ್ಡ್ ರಿಮೆ ಈ ವಿಷಯವನ್ನು ಅನೇಕ ವರ್ಷ ಅಭ್ಯಸಿಸಿದನು. ಭಾವ ಕದಡಿದ ಪ್ರಸಂಗಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚಿನವನ್ನು ಜನರು ಯಾರೊಡನಾದರೂ ಹಂಚಿಕೊಳ್ಳುತ್ತಾರೆ. ಬಹಳಷ್ಟನ್ನು ಅದೇ ದಿನವೇ. ‘ಹೇಳಿಕೊಂಡರೆ ದುಃಖ ಕಡಮೆಯಾಗುತ್ತದೆ’ ಎಂದು ನಾವೆಲ್ಲ ನಂಬಿದ್ದೇವೆ. ಆದರೆ ಹೇಳಿಕೊಂಡ ಮಾತ್ರಕ್ಕೆ ಆ ನೆನಪಿನ ನೋವು ತಗ್ಗುವುದಿಲ್ಲವೆಂದು ಅವನ ಪರೀಕ್ಷೆಗಳಲ್ಲಿ ಕಂಡುಬಂತು. ತಗ್ಗುವುದು ಒಂಟಿತನ. ಹೇಳಿದವರೂ ಕೇಳಿದವರೂ ಹತ್ತಿರವಾಗುತ್ತಾರೆ. ಊರನ್ನು ಕಳೆದುಕೊಂಡ ಜನ ಹೊಸ ಊರಿನಲ್ಲಿ ಸೇರಿದಾಗಲೆಲ್ಲ ಹಳೆಯ ಊರಿನ ಮಾತೆತ್ತುವುದರ ಅರ್ಥ ಇದೇ ಇರಬೇಕು.

ಆದರೆ ಕೂಡಿ ನೆನೆಯುವಾಗ ನೆನಪುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಬ್ಬರ ಮಳೆ ಇನ್ನೊಬ್ಬರ ನೆನಪಿನಲ್ಲಿ ಸುರಿಯತೊಡಗುತ್ತದೆ. ಎಲ್ಲರೂ ಹೇಳುವ ಸಂಗತಿ ಬಲಿಯುತ್ತದೆ. ಯಾರೂ ಎತ್ತದ ಸಂಗತಿ ಮೆಲ್ಲನೆ ಅಳಿಯುತ್ತದೆ. ಹೇಳುವವರ ಆ ಹೊತ್ತಿನ ಮನಸ್ಥಿತಿಯೂ ಆಯ್ಕೆಗೆ ಕಾರಣ: ದುಃಖದಲ್ಲಿರುವವರಿಗೆ ದುಃಖದ ನೆನಪುಗಳೂ ಸಂತೋಷದಲ್ಲಿರುವವರಿಗೆ ಸಂತೋಷದ ನೆನಪುಗಳೂ ಬೇಗ ಕೈಗೆ ಸಿಗುತ್ತವೆ ಎಂಬುದನ್ನು ಗಾರ್ಡನ್ ಬೋವರ್ 1981ರಲ್ಲಿ ತೋರಿಸಿದನು. ವಾಸನೆಯದು ಇನ್ನೊಂದು ವಿಚಿತ್ರ. ಮೂಗಿನಿಂದ ಹೊರಟ ನರಗಳ ಹಾದಿ ಅಮಿಗ್ಡಲಕ್ಕೆ ಬಹು ಹತ್ತಿರ. ದಾಂಡೇಲಿ, ಹಳಿಯಾಳಗಳಲ್ಲಿ ಬೆಳೆದವರಿಗೆ ಮಳೆಯಲ್ಲಿ ನೆನೆದ ಸಾಗುವಾನಿಯ ವಾಸನೆ ಎಲ್ಲಿ ಬಂದರೂ ಬಾಲ್ಯವೆಲ್ಲ ಒಮ್ಮೆಗೇ ಎದ್ದು ನಿಲ್ಲಬಹುದು. ಆದರೆ ಪರೀಕ್ಷಿಸಿ ನೋಡಿದರೆ, ವಾಸನೆ ತರುವ ನೆನಪಿನಲ್ಲಿ ಹೆಚ್ಚಾಗಿರುವುದು ಭಾವ. ನಿಖರತೆ ಅಷ್ಟೇ ಹೆಚ್ಚಾಗಿರುವುದಿಲ್ಲ.

ಕಂಡವರು ಇಲ್ಲವಾದ ಮೇಲೆ

ಈ ನಾಲ್ಕು ತಾಲೂಕುಗಳ ನೆಲದಲ್ಲಿ ಕಳೆದುಕೊಂಡ ಊರಿನ ನೆನಪು ಸೂಪಾದವರದು ಮಾತ್ರವಲ್ಲ. ಟಿಬೆಟ್ ಬಿಟ್ಟು ಬಂದ ನಿರಾಶ್ರಿತರಿಗೆ 1966ರಲ್ಲಿ ಮುಂಡಗೋಡದ ಬಳಿ ನೆಲೆ ದೊರೆಯಿತು. ಗಾಂದೆನ್, ಡ್ರೆಪುಂಗ್ ಎಂಬ ಅವರ ಮಹಾಮಠಗಳು ಇಲ್ಲಿ ಮತ್ತೆ ಸ್ಥಾಪಿತವಾದುವು. ಹಿಮದ ನಾಡನ್ನು ಕಂಡ ಹಿರಿಯರು ವಿರಳವಾಗುತ್ತಿದ್ದಾರೆ. ಅದನ್ನು ಎಂದೂ ಕಾಣದ ಮೊಮ್ಮಕ್ಕಳು ಇಲ್ಲಿಯ ಮುಂಗಾರಿನಲ್ಲಿ ಬೆಳೆಯುತ್ತಿದ್ದಾರೆ. ಅವರ ಮನಸ್ಸಿನಲ್ಲಿರುವ ಟಿಬೆಟ್ ಅಜ್ಜ ಅಜ್ಜಿಯರ ಭಾವದ ಮೂಲಕ ಬಂದುದು. ಇದೇ ಡ್ರೆಪುಂಗ್ ಮಠದಲ್ಲಿ 2013ರ ಜನವರಿಯಲ್ಲಿ ದಲೈ ಲಾಮಾ ಅವರ ಸಮ್ಮುಖದಲ್ಲಿ ಮಿದುಳಿನ ವಿಜ್ಞಾನಿಗಳೂ ಭೌತವಿಜ್ಞಾನಿಗಳೂ ಭಿಕ್ಷುಗಳೂ ಆರು ದಿನ ಕುಳಿತು ಮನಸ್ಸು, ಮಿದುಳು, ಜಡವಸ್ತುಗಳ ಬಗ್ಗೆ ವಿಚಾರ ವಿನಿಮಯ ಮಾಡಿದರು. ಭಿಕ್ಷುಗಳಿಗೆ ಆಧುನಿಕ ವಿಜ್ಞಾನವನ್ನು ಕಲಿಸುವ ಕಾರ್ಯದಲ್ಲಿ ನೈಸರ್ ಚಾಲೆಂಜರ್ ಪ್ರಯೋಗವನ್ನು ನಡೆಸಿದ ಎಮರಿ ವಿಶ್ವವಿದ್ಯಾಲಯವೇ ನೆರವಾಗಿರುವುದು ಒಂದು ಸ್ವಾರಸ್ಯದ ಸಂಗತಿ.

ಹಳಿಯಾಳ, ಮುಂಡಗೋಡ, ಯಲ್ಲಾಪುರಗಳ ಕಾಡಂಚಿನಲ್ಲಿರುವ ಸಿದ್ದಿಯರ ನೆನಪು ಇನ್ನೂ ದೂರದ್ದು. ಅವರ ಪೂರ್ವಿಕರಲ್ಲಿ ಅನೇಕರನ್ನು ಶತಮಾನಗಳ ಹಿಂದೆ ಆಫ್ರಿಕದಿಂದ ಗುಲಾಮರನ್ನಾಗಿ ತರಲಾಗಿತ್ತು. ಗೋವೆಯ ಕಡೆಯಿಂದ ತಪ್ಪಿಸಿಕೊಂಡವರು ಈ ಕಾಡುಗಳಲ್ಲಿ ಆಶ್ರಯ ಪಡೆದರು. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಆ ಪಯಣವನ್ನು ಕಂಡವರು ಇಂದು ಯಾರೂ ಇಲ್ಲ. ಆದರೆ ಡಮಾಮಿಯ ಬಡಿತವೂ ಅದರೊಡನೆ ಹಾಡು ಕುಣಿತಗಳೂ ಇವೆ. 1932ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಬಾರ್ಟ್‌ಲೆಟ್ ಒಂದು ಕಥೆಯನ್ನು ಒಬ್ಬನಿಂದ ಒಬ್ಬನಿಗೆ ಹೇಳಿಸುತ್ತ ಹೋದಾಗ ಕೆಲವೇ ಬಾಯಿಗಳಲ್ಲಿ ಅದು ಮೊಟಕಾಗಿ, ಕೇಳುಗರ ರೂಢಿಗೆ ಹೊಂದುವಂತೆ ಮಾರ್ಪಟ್ಟುದನ್ನು ತೋರಿಸಿದ್ದನು. ಗದ್ಯದ ಮಾತಿಗೆ ಈ ಗತಿ. ಲಯ ಪ್ರಾಸಗಳಿದ್ದರೆ ಒಂದು ಪದದ ಜಾಗಕ್ಕೆ ಇನ್ನೊಂದು ಪದ ಸುಲಭವಾಗಿ ಕೂರುವುದಿಲ್ಲ. ಆದುದರಿಂದಲೇ ಹಾಡಿನಲ್ಲಿ ಕಟ್ಟಿದ ನೆನಪು ಬಾಯಿಂದ ಬಾಯಿಗೆ ಹೆಚ್ಚು ಸ್ಥಿರವಾಗಿ ಸಾಗುತ್ತದೆ.

ನಮ್ಮ ವಿದ್ಯಾರ್ಥಿಗಳು ಮಾಡಬಹುದಾದುದು

ಸೂಪಾದಲ್ಲಿ ತಾರುಣ್ಯವನ್ನು ಕಳೆದವರಿಗೆ ಈಗ ಅರುವತ್ತು ದಾಟಿದೆ. ಅಲ್ಲಿ ಸಂಸಾರ ಹೂಡಿದ್ದವರಲ್ಲಿ ಅನೇಕರು ತೀರಿಹೋಗಿದ್ದಾರೆ. ಅವರ ನೆನಪುಗಳನ್ನು ಬರೆದಿಡಲು ಕಾಲ ಬಹಳವಿಲ್ಲ. ಆ ಕೆಲಸವನ್ನು ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ಮಾಡಬಲ್ಲರು. ವಿಜ್ಞಾನ ಹೇಳಿರುವುದನ್ನು ಗಮನಿಸಿದರೆ ಅದಕ್ಕೆ ಕೆಲವು ಕ್ರಮಗಳು ತಾವಾಗಿಯೇ ಹೊಳೆಯುತ್ತವೆ.

ಒಂದೇ ಮನೆಯ ಇಬ್ಬರನ್ನು ಕೇಳುವುದಾದರೆ ಮೊದಲು ಬೇರೆ ಬೇರೆಯಾಗಿ ಕೇಳಬೇಕು. ಕೂಡಿಸಿ ಕೇಳುವುದು ಆಮೇಲೆ. ‘ಆ ದಿನ ಮಳೆ ಇತ್ತಲ್ಲವೆ?’ ಎಂದು ಕೇಳಬಾರದು. ‘ಆ ದಿನ ಹೇಗಿತ್ತು?’ ಎಂದು ಕೇಳಬೇಕು. ನಮ್ಮ ಪ್ರಶ್ನೆಯ ಮಳೆಯೇ ಅವರ ನೆನಪನ್ನು ಸೇರಬಹುದು. ಕೇಳಿದುದನ್ನು ಅದೇ ದಿನ, ಅವರದೇ ಮಾತಿನಲ್ಲಿ, ತಾರೀಖು ಹಾಕಿ ಬರೆದಿಡಬೇಕು. ಮರುದಿನ ಬರೆದರೆ ನಮ್ಮ ನೆನಪಿನ ದೋಷವೂ ಅದಕ್ಕೆ ಕೂಡುತ್ತದೆ. ದಿನ, ತಿಂಗಳು, ಎಕರೆ, ರೂಪಾಯಿಗಳಂಥ ಅಂಚಿನ ವಿವರಗಳನ್ನು ದಾಖಲೆಗಳೊಡನೆ ತಾಳೆ ನೋಡಬೇಕು. ತಾಳೆಯಾಗದಿದ್ದರೆ ಹಿರಿಯರನ್ನು ಸುಳ್ಳುಗಾರರೆನ್ನಬಾರದು, ಅವರ ಮಾತನ್ನು ತಿದ್ದಿಯೂ ಬರೆಯಬಾರದು. ಎರಡನ್ನೂ ಪಕ್ಕಪಕ್ಕದಲ್ಲಿ ಇಡಬೇಕು. ಹೇಳುವವರ ಕಣ್ಣು ತುಂಬಿದರೆ ಪ್ರಶ್ನೆಯನ್ನು ನಿಲ್ಲಿಸಬೇಕು. ಆ ಹೊತ್ತಿಗೆ ನಮ್ಮಿಂದ ಆಗಬೇಕಾದುದು ಜೊತೆಗೆ ಕುಳಿತಿರುವುದು.

ನಾವೂ ಈ ಕ್ರಮವನ್ನು ತಡವಾಗಿ ಕಲಿತವರು. ಅಂದು ಜಗಲಿಯಲ್ಲಿ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಿದ್ದು ನಮ್ಮದೇ ತಪ್ಪು. ಮುಂದೆ ಕೆಲವು ವಾರಗಳ ಬಳಿಕ ಹೋದಾಗ ತಮ್ಮ ಒಂದು ಹಳೆಯ ಕಾಗದವನ್ನು ತೋರಿಸಿದರು. ಅವರು ಮೂರನೆಯ ತರಗತಿಯಲ್ಲಿ ಸೂಪಾದ ಶಾಲೆ ಬಿಟ್ಟ ಪ್ರಮಾಣಪತ್ರ ಅದು. ಅದರಲ್ಲಿದ್ದುದು ಮೇ ತಿಂಗಳ ತಾರೀಖು. ಮೇ ತಿಂಗಳೆಂದರೆ ನಮ್ಮ ಕಡೆ ಮಧ್ಯಾಹ್ನ ಉರಿಬಿಸಿಲು, ಸಂಜೆಗೆ ಒಮ್ಮೊಮ್ಮೆ ಗುಡುಗು ಮಳೆ. “ಹಾಗಾದರೆ ನಮ್ಮಿಬ್ಬರದೂ ನಿಜವೇ ಇರಬಹುದು” ಎಂದು ಅಕ್ಕ ನಕ್ಕರು. ಇರಬಹುದು, ಇಲ್ಲದಿರಲೂಬಹುದು. ಶಾಲೆ ಬಿಟ್ಟ ತಾರೀಖು ಮನೆ ಬಿಟ್ಟ ತಾರೀಖಲ್ಲ. ಆ ಪ್ರಶ್ನೆಯನ್ನು ನಮ್ಮ ಟಿಪ್ಪಣಿ ಪುಸ್ತಕದಲ್ಲಿ ಹಾಗೆಯೇ ತೆರೆದಿಟ್ಟಿದ್ದೇವೆ.

ತಾಯಿ ನೆಲ ಸಾರಿಸಿದ ಸಂಗತಿಯನ್ನು ಈ ಸಲ ಇಬ್ಬರಿಂದಲೂ ಬೇರೆ ಬೇರೆಯಾಗಿ ಕೇಳಿದೆವು. ಅಡುಗೆಮನೆಯಿಂದ ಆರಂಭಿಸಿ ಹೊಸ್ತಿಲವರೆಗೆ ಸಾರಿಸುತ್ತ ಬಂದು, ನೆಲ ಒಣಗುವವರೆಗೆ ಯಾರನ್ನೂ ಒಳಗೆ ಬಿಡಲಿಲ್ಲವೆಂದು ಇಬ್ಬರೂ ಹೇಳಿದರು. ಒಡಹುಟ್ಟಿದವರು ಇಷ್ಟು ವರ್ಷ ಕೂಡಿ ಆಡಿದ ಮಾತು ಅದು. ಆದುದರಿಂದ ಅದನ್ನು ಎರಡು ಸ್ವತಂತ್ರ ಸಾಕ್ಷ್ಯಗಳೆಂದು ಎಣಿಸಲಾಗದು. ಆದರೂ ಅದನ್ನು ಪುಟದ ಮೊದಲಿಗೆ ಬರೆದುಕೊಂಡೆವು. ಅಣೆಕಟ್ಟಿನ ಎತ್ತರವೂ ಅದು ಮುಗಿದ ವರ್ಷವೂ ಸರಕಾರದ ಕಡತಗಳಲ್ಲಿ ಸುರಕ್ಷಿತವಾಗಿವೆ. ಈ ಸಂಗತಿಯಾದರೋ ಆ ಇಬ್ಬರ ನೆನಪಿನಲ್ಲಿಯೂ ಈಗ ಈ ಪುಟದಲ್ಲಿಯೂ ಮಾತ್ರ ಇದೆ.